ಫ್ಲೇಗ್ರಂಟ್ ಒಂದೋ, ಎರಡೋ, ಬರೀ ಫೌಲೋ: ಎನ್‌ಬಿಎ ಪಂದ್ಯದ ಒರಟು ಫೌಲನ್ನು ಹಂತ ಹಂತವಾಗಿ ಅಳೆಯುವ ಕ್ರಮ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯಗಳನ್ನು ನಿಷ್ಠೆಯಿಂದ ನೋಡುವವರೂ ಒಂದು ವಿಷಯದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಒಬ್ಬ ಆಟಗಾರ ಗಾಳಿಯಲ್ಲಿದ್ದಾಗ ಇನ್ನೊಬ್ಬ ಬಂದು ಅಪ್ಪಳಿಸುತ್ತಾನೆ, ಮೇಲಿದ್ದವನು ನೆಲಕ್ಕೆ ಬೀಳುತ್ತಾನೆ, ರೆಫರಿಗಳು ದೃಶ್ಯವನ್ನು ಮತ್ತೆ ನೋಡಲು ಮಾನಿಟರ್ ಕಡೆಗೆ ನಡೆಯುತ್ತಾರೆ. ಅವರು ಹಿಂತಿರುಗಿ ತೀರ್ಪು ಹೇಳುವ ಮೊದಲೇ ನೋಡುಗರು ತಮ್ಮ ತೀರ್ಪು ಕೊಟ್ಟುಬಿಟ್ಟಿರುತ್ತಾರೆ, ಮತ್ತು ಅದು ಬಹಳ ಸಲ ತಪ್ಪಾಗಿರುತ್ತದೆ. ನಿಯಮ ಗೊತ್ತಿಲ್ಲದ್ದರಿಂದ ಹೀಗಾಗುವುದು ಕಡಿಮೆ. ಹೆಚ್ಚಿನವರು ಪ್ರಶ್ನೆಗಳನ್ನು ತಪ್ಪು ಕ್ರಮದಲ್ಲಿ ಕೇಳಿಕೊಳ್ಳುತ್ತಾರೆ. ಬಿದ್ದದ್ದು ಹೇಗೆ, ಹೊಡೆದವನು ಯಾರು, ಬೇಕೆಂದೇ ಮಾಡಿದನೇ ಎಂಬಲ್ಲಿಂದ ಶುರುಮಾಡಿ, ಮೊದಲು ನೋಡಬೇಕಾದ ತಾಗುವಿಕೆಯನ್ನು ಕೊನೆಗೆ ನೋಡುತ್ತಾರೆ ಅಥವಾ ನೋಡುವುದೇ ಇಲ್ಲ. ಈ ಮಾರ್ಗದರ್ಶಿ ಆ ಕ್ರಮವನ್ನು ಸರಿಪಡಿಸಿಕೊಳ್ಳಲು. ಶಾಲಾ ಕಾಲೇಜುಗಳ ಪಂದ್ಯಗಳಲ್ಲಿ ಸೀಟಿ ಹಿಡಿಯುವವರಿಗೂ, ಮಕ್ಕಳಿಗೆ ಆಟ ಕಲಿಸುವವರಿಗೂ ಇದರ ಬಹುಭಾಗ ಉಪಯೋಗಕ್ಕೆ ಬರುತ್ತದೆ.

## ಮೊದಲು ಕೈಯಲ್ಲಿರಬೇಕಾದದ್ದು

ಮೂರು ಸಂಗತಿಗಳು ಸಾಕು. ಒಂದು, ಹಿಂದಕ್ಕೆ ಓಡಿಸಿ ನೋಡಬಹುದಾದ ಪ್ರಸಾರ ಅಥವಾ ದೃಶ್ಯತುಣುಕು. ನಮ್ಮಲ್ಲಿ ಈ ಪಂದ್ಯಗಳು ಬೆಳಗಿನ ಜಾವದಲ್ಲೇ ನಡೆಯುವುದರಿಂದ ಹೆಚ್ಚಿನವರು ಹೇಗೂ ನಂತರ ನೋಡುತ್ತಾರೆ. ಆದರೆ ಆಯ್ದ ಕ್ಷಣಗಳ ತುಣುಕುಗಳಲ್ಲಿ ಫೌಲಿಗೆ ಹಿಂದಿನ ಎರಡು ಮೂರು ಸೆಕೆಂಡು ಕತ್ತರಿಸಿ ಹೋಗಿರುತ್ತದೆ, ತೀರ್ಪಿಗೆ ಬೇಕಾದದ್ದು ಆ ಸೆಕೆಂಡುಗಳೇ. ಎರಡು, ಕನಿಷ್ಠ ಎರಡು ಕೋನಗಳ ದೃಶ್ಯ. ಒಂದೇ ಕೋನದಿಂದ ಕೈ ತಲೆಗೆ ಬಡಿಯಿತೋ ಭುಜಕ್ಕೋ ಹೇಳಲಾಗದು. ಮೂರು, ಈ ಕೆಳಗಿನ ವ್ಯಾಖ್ಯೆ, ಬಾಯಿಪಾಠವಾಗಿ.

ಎನ್‌ಬಿಎ ನಿಯಮದಂತೆ ಎದುರಾಳಿಯ ಮೇಲೆ ಅನಗತ್ಯವಾದ ತಾಗುವಿಕೆ ಆದರೆ ಅದು ಫ್ಲೇಗ್ರಂಟ್ 1, ಅಂದರೆ ಮೊದಲ ದರ್ಜೆಯ ಒರಟು ಫೌಲ್. ತಾಗುವಿಕೆ ಅನಗತ್ಯವೂ ಮಿತಿಮೀರಿದ್ದೂ ಆಗಿದ್ದರೆ ಅದು ಫ್ಲೇಗ್ರಂಟ್ 2. ಎರಡಕ್ಕೂ ಫ್ರೀ ಥ್ರೋಗಳು (ಯಾರೂ ತಡೆಯದಂತೆ ಬುಟ್ಟಿಗೆ ಚೆಂಡೆಸೆಯುವ ಅವಕಾಶ) ಮತ್ತು ಅದರ ಮೇಲೆ ಚೆಂಡಿನ ಹಕ್ಕು ಫೌಲಿಗೊಳಗಾದ ತಂಡಕ್ಕೆ ಸಿಗುತ್ತವೆ. ಎರಡನೆಯದರಲ್ಲಿ ಫೌಲ್ ಮಾಡಿದವನು ಪಂದ್ಯದಿಂದಲೇ ಹೊರಗೆ. ಒಂದೇ ಪಂದ್ಯದಲ್ಲಿ ಎರಡು ಸಲ ಫ್ಲೇಗ್ರಂಟ್ 1 ಮಾಡಿದವನೂ ಹೊರಗೆ ಹೋಗುತ್ತಾನೆ.

ಈ ವ್ಯಾಖ್ಯೆಯಲ್ಲಿ ‘ಉದ್ದೇಶಪೂರ್ವಕ’ ಎಂಬ ಮಾತು ಇಲ್ಲದಿರುವುದನ್ನು ಗಮನಿಸಬೇಕು. ಪಂದ್ಯದ ಕೊನೆಯ ನಿಮಿಷದಲ್ಲಿ ಗಡಿಯಾರ ನಿಲ್ಲಿಸಲು ಹಿಂದಿರುವ ತಂಡ ಬೇಕೆಂದೇ ಎದುರಾಳಿಯ ಸೊಂಟ ಹಿಡಿಯುತ್ತದೆ. ಅದಕ್ಕಿಂತ ಉದ್ದೇಶಪೂರ್ವಕವಾದ ಫೌಲ್ ಇರಲಾರದು, ಆದರೂ ಅದು ಸಾಮಾನ್ಯ ಫೌಲ್. ಇನ್ನೊಂದೆಡೆ, ನೋವು ಮಾಡುವ ಇಚ್ಛೆಯೇ ಇಲ್ಲದವನೂ ಫ್ಲೇಗ್ರಂಟ್ 2 ಪಡೆದು ಹೊರನಡೆಯಬಹುದು.

## ಹಂತ 1: ಇದು ಯಾವ ಬಗೆಯ ಫೌಲ್ ಎಂದು ಮೊದಲು ಬೇರ್ಪಡಿಸಿ

ಫ್ಲೇಗ್ರಂಟ್ ಹೌದೇ ಎಂದು ಕೇಳುವ ಮೊದಲು, ಅದರಂತೆ ಕಾಣುವ ಮೂರು ಬಗೆಗಳನ್ನು ಪಕ್ಕಕ್ಕಿಡಬೇಕು.

ಮೊದಲನೆಯದು ಕ್ಲಿಯರ್ ಪಾತ್ ಫೌಲ್. ಬುಟ್ಟಿಗೂ ತನಗೂ ನಡುವೆ ಯಾರೂ ಇಲ್ಲದೆ ಓಡುತ್ತಿರುವವನನ್ನು ಹಿಂದಿನಿಂದ ತಡೆದಾಗ ಇದನ್ನು ಕೊಡುತ್ತಾರೆ. ಎರಡು ಫ್ರೀ ಥ್ರೋ ಮತ್ತು ಚೆಂಡು ಎಂಬ ದಂಡ ಫ್ಲೇಗ್ರಂಟಿನಂತೆಯೇ ಇರುವುದರಿಂದ ಅಂಕಪಟ್ಟಿ ನೋಡಿದವರು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ಅಳೆಯುವುದು ಕೈತಪ್ಪಿದ ಅವಕಾಶವನ್ನು. ಪೆಟ್ಟು ಹಗುರವಾಗಿದ್ದರೂ ಇದು ಕ್ಲಿಯರ್ ಪಾತ್ ಆಗುತ್ತದೆ. ಎರಡನೆಯದು ವೇಗದ ಮರುದಾಳಿಯನ್ನು ನಿಲ್ಲಿಸಲು ಚೆಂಡಿನ ಗೊಡವೆಗೇ ಹೋಗದೆ ಮಾಡುವ ಟೇಕ್ ಫೌಲ್. 2022-23ರ ಋತುವಿನಿಂದ ಇದಕ್ಕೆ ಒಂದು ಫ್ರೀ ಥ್ರೋ ಮತ್ತು ಚೆಂಡು ಎಂಬ ದಂಡವಿದೆ. ಮೂರನೆಯದು ಟೆಕ್ನಿಕಲ್: ಮಾತು, ವರ್ತನೆ, ತಾಗದೆ ಹೋದ ಏಟು ಇಂಥವು.

ಇವುಗಳಲ್ಲಿ ಯಾವುದೂ ಅಲ್ಲವೆಂದಾದರೆ, ಅಥವಾ ಇವುಗಳ ಜೊತೆಗೆ ಬಲವಾದ ಪೆಟ್ಟೂ ಇದ್ದರೆ, ಮುಂದಿನ ಹಂತಕ್ಕೆ ಹೋಗಬೇಕು.

## ಹಂತ 2: ಒಮ್ಮೆ ನಿಜವಾದ ವೇಗದಲ್ಲಿ ನೋಡಿ

ನಿಧಾನಗತಿಯ ದೃಶ್ಯಕ್ಕೆ ನೇರವಾಗಿ ಹೋಗಬೇಡಿ. ನಿಧಾನಗತಿಯಲ್ಲಿ ಪ್ರತಿಯೊಂದು ಕೈಯೂ ಯೋಚಿಸಿ ಬೀಸಿದಂತೆ ಕಾಣುತ್ತದೆ, ಏಕೆಂದರೆ ಕಾಲು ಸೆಕೆಂಡಿನಲ್ಲಿ ಮುಗಿದದ್ದನ್ನು ನಮ್ಮ ಕಣ್ಣು ಮೂರು ಸೆಕೆಂಡು ನೋಡುತ್ತಿರುತ್ತದೆ. ಪೆಟ್ಟಿನ ಬಲ ತಿಳಿಯುವುದು ನಿಜವಾದ ವೇಗದಲ್ಲಿ, ಪೆಟ್ಟು ಬಿದ್ದ ಜಾಗ ತಿಳಿಯುವುದು ನಿಧಾನಗತಿಯಲ್ಲಿ. ಎರಡು ಕೆಲಸಗಳಿಗೆ ಎರಡು ವೇಗ ಎಂದು ಇಟ್ಟುಕೊಂಡರೆ ಅರ್ಧ ತಪ್ಪುಗಳು ಇಲ್ಲೇ ನಿಲ್ಲುತ್ತವೆ.

## ಹಂತ 3: ಕೈಯ ಚಲನೆಯನ್ನು ಮೂರು ಭಾಗ ಮಾಡಿ

ಇಡೀ ಕ್ರಮದ ಜೀವಾಳ ಇದು. ರೆಫರಿಗಳು ತಮ್ಮ ತೀರ್ಪನ್ನು ವಿವರಿಸುವಾಗ ಮೂರು ಮಾತುಗಳನ್ನು ಬಿಡದೆ ಬಳಸುತ್ತಾರೆ: ವೈಂಡ್‌ಅಪ್, ಇಂಪ್ಯಾಕ್ಟ್, ಫಾಲೋ ಥ್ರೂ. ಹೊಡೆಯುವ ಮುನ್ನ ಕೈ ಹಿಂದಕ್ಕೋ ಮೇಲಕ್ಕೋ ಹೋಗಿ ಬಲ ತುಂಬಿಕೊಂಡಿತೇ, ತಾಗಿದ್ದು ಎಲ್ಲಿಗೆ ಮತ್ತು ಎಷ್ಟು ಜೋರಾಗಿ, ತಾಗಿದ ಮೇಲೂ ಕೈ ನಿಲ್ಲದೆ ಮುಂದುವರಿಯಿತೇ ಎಂಬ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಬೇಕು.

2022ರ ಜನವರಿ 21ರಂದು ಮಿಲ್ವಾಕಿ ಬಕ್ಸ್ ಮತ್ತು ಶಿಕಾಗೊ ಬುಲ್ಸ್ ತಂಡಗಳ ನಡುವಿನ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ನಡೆದದ್ದನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಬುಲ್ಸ್ ತಂಡದ ಅಲೆಕ್ಸ್ ಕರುಸೊ ವೇಗದ ಮರುದಾಳಿಯಲ್ಲಿ ಲೇಅಪ್‌ಗೆ (ಬುಟ್ಟಿಯ ಹತ್ತಿರದಿಂದಲೇ ಚೆಂಡು ಹಾಕಲು) ನೆಗೆಯುತ್ತಾರೆ, ಬಕ್ಸ್‌ನ ಗ್ರೇಸನ್ ಅಲೆನ್ ಎದುರಾಗುತ್ತಾರೆ. ಅಲೆನ್ ಅವರ ಒಂದು ಕೈ ಮೊದಲು ತಾಗುತ್ತದೆ. ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ ತೀರ್ಪು ಕೇಳಿದರೆ ಗಟ್ಟಿಯಾದ ಸಾಮಾನ್ಯ ಫೌಲ್ ಎಂದು ವಾದಿಸಬಹುದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ: ಇನ್ನೂ ಗಾಳಿಯಲ್ಲೇ ಇರುವ ಕರುಸೊ ಅವರ ಮೇಲೆ ಇನ್ನೊಂದು ಕೈಯೂ ಬೀಸಿ ಬರುತ್ತದೆ, ಅವರು ಕೆಳಕ್ಕೆ ಅಪ್ಪಳಿಸುತ್ತಾರೆ. ಮೊದಲ ಕೈ ಚೆಂಡಿಗಾಗಿ ಬಂದಿತ್ತೆಂದು ಒಪ್ಪಿದರೂ ಎರಡನೆಯ ಕೈಗೆ ಆ ಸಮಜಾಯಿಷಿ ದಕ್ಕುವುದಿಲ್ಲ. ರೆಫರಿಗಳು ಫ್ಲೇಗ್ರಂಟ್ 2 ಕೊಟ್ಟರು, ಲೀಗ್ ನಂತರ ಅಲೆನ್ ಅವರನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತು. ಒಂದು ಫೌಲಿನಲ್ಲಿ ಎರಡು ಪ್ರತ್ಯೇಕ ಚಲನೆಗಳು ಕಂಡರೆ ಅದನ್ನು ದೊಡ್ಡ ಎಚ್ಚರಿಕೆಯ ಸಂಕೇತವೆಂದೇ ತಿಳಿಯಬೇಕು.

ಬೀಸಿದ ಕೈ ಎಷ್ಟು ತೂಗುತ್ತದೆ ಎಂಬುದಕ್ಕೆ ಇನ್ನೊಂದು ಘಟನೆ ಸಾಕ್ಷಿ. 2021ರ ಜೂನ್ 13ರಂದು ಡೆನ್ವರ್ ನಗೆಟ್ಸ್ ತಂಡದ ನಿಕೋಲಾ ಯೋಕಿಚ್, ಅದೇ ಋತುವಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದಿದ್ದವರು, ಫೀನಿಕ್ಸ್ ಸನ್ಸ್‌ನ ಕ್ಯಾಮರಾನ್ ಪೇನ್ ಕೈಯಲ್ಲಿದ್ದ ಚೆಂಡಿನತ್ತ ಮೇಲಿನಿಂದ ಕೈ ಬೀಸಿದರು. ಅವರ ಗಮನ ಚೆಂಡಿನ ಮೇಲಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೈ ಎತ್ತರದಿಂದ ಬಂತು, ಪೇನ್ ಅವರ ಮೂಗಿಗೆ ಬಡಿಯಿತು. ಸೋತರೆ ಸರಣಿಯೇ ಮುಗಿಯುವ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ಯೋಕಿಚ್ ಫ್ಲೇಗ್ರಂಟ್ 2 ಪಡೆದು ಹೊರನಡೆದರು. ಆ ತೀರ್ಪು ಕಠಿಣವಾಯಿತೆಂದು ಅನೇಕರು ಇಂದಿಗೂ ಹೇಳುತ್ತಾರೆ. ಮೂರು ಭಾಗಗಳನ್ನು ಒಂದೊಂದಾಗಿ ನೋಡಿದರೆ ತೀರ್ಪಿಗೆ ಆಧಾರವಿತ್ತು ಎಂಬುದೇ ನನ್ನ ಅಭಿಪ್ರಾಯ.

## ಹಂತ 4: ಚೆಂಡಿಗಾಗಿ ನಿಜವಾದ ಪ್ರಯತ್ನ ಇತ್ತೇ?

ಈ ಪ್ರಶ್ನೆಯನ್ನು ಕೈಯ ಚಲನೆಗಿಂತ ಮೊದಲು ಕೇಳಿದರೆ ದಾರಿ ತಪ್ಪುತ್ತದೆ, ಯಾಕೆಂದರೆ ‘ಚೆಂಡನ್ನೇ ಮುಟ್ಟಿದ’ ಎಂಬ ಒಂದು ಮಾತಿಗೆ ವಿಚಾರಣೆಯೇ ಮುಗಿದುಹೋಗುತ್ತದೆ. ಚೆಂಡು ತಡೆಯುವ ನಿಜವಾದ ಪ್ರಯತ್ನ ರಕ್ಷಣಾ ಆಟಗಾರನ ಪರವಾಗಿ ನಿಲ್ಲುವ ಒಂದು ಅಂಶ ಮಾತ್ರ. ತಲೆಗೆ ಬಲವಾದ ಪೆಟ್ಟು ಬಿದ್ದಿದ್ದರೆ, ಬಂದ ವೇಗದಲ್ಲಿ ಹೊಣೆಗೇಡಿತನವಿದ್ದರೆ, ಬ್ಲಾಕ್ ಮಾಡುವ ಯತ್ನದಲ್ಲೂ ಫ್ಲೇಗ್ರಂಟ್ ಆಗುತ್ತದೆ.

ಪ್ರಯತ್ನವೇ ಇಲ್ಲದಿದ್ದರೆ ತೀರ್ಪು ಸುಲಭ. 2012ರ ಏಪ್ರಿಲ್ 22ರಂದು ಲಾಸ್ ಏಂಜಲೀಸ್ ಲೇಕರ್ಸ್‌ನ ಮೆಟ್ಟಾ ವರ್ಲ್ಡ್ ಪೀಸ್ ಡಂಕ್ ಮಾಡಿ (ನೆಗೆದು ಚೆಂಡನ್ನು ಬುಟ್ಟಿಯೊಳಕ್ಕೆ ತುರುಕಿ) ಸಂಭ್ರಮಿಸುತ್ತಾ ಬೀಸಿದ ಮೊಣಕೈ ಎದುರಾಳಿ ಜೇಮ್ಸ್ ಹಾರ್ಡನ್ ಅವರ ತಲೆಗೆ ಬಡಿದಾಗ, ಚೆಂಡಿಗೂ ಆ ಮೊಣಕೈಗೂ ಯಾವ ಸಂಬಂಧವೂ ಇರಲಿಲ್ಲ. ಫ್ಲೇಗ್ರಂಟ್ 2ರ ಮೇಲೆ ಏಳು ಪಂದ್ಯಗಳ ಅಮಾನತು ಬಂತು.

ಕಷ್ಟವಿರುವುದು ನಡುವಿನ ಪ್ರಕರಣಗಳಲ್ಲಿ. ಅಲ್ಲಿ ಕಣ್ಣಿಡಬೇಕಾದದ್ದು ರಕ್ಷಣಾ ಆಟಗಾರನ ನೋಟ ಮತ್ತು ಅಂಗೈಯ ಮೇಲೆ. ನೋಟ ಚೆಂಡಿನ ಮೇಲಿದ್ದು ಅಂಗೈ ಬಿಡಿಸಿಕೊಂಡಿದ್ದರೆ ಚೆಂಡಿನ ಯತ್ನ ಎನ್ನಲು ಕಾರಣವಿದೆ. ನೋಟ ಎದುರಾಳಿಯ ದೇಹದ ಮೇಲಿದ್ದು ಮುಂಗೈ ಅಡ್ಡವಾಗಿ ಬಂದಿದ್ದರೆ, ಅಥವಾ ಚೆಂಡು ಕೈಬಿಟ್ಟು ಹೋದ ಮೇಲೆ ತಾಗಿದ್ದರೆ, ಆ ಕಾರಣ ಉಳಿಯುವುದಿಲ್ಲ.

## ಹಂತ 5: ಫೌಲಿಗೊಳಗಾದವನು ಯಾವ ಸ್ಥಿತಿಯಲ್ಲಿದ್ದ?

ಎರಡೂ ಪಾದ ನೆಲದ ಮೇಲಿದ್ದವನಿಗೆ ಭುಜ ತಾಗಿದರೆ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದೇ ಬಲ ಗಾಳಿಯಲ್ಲಿರುವವನಿಗೆ ತಾಗಿದರೆ ಅವನು ಎಲ್ಲಿ ಬೀಳುತ್ತಾನೆ, ಯಾವ ಅಂಗದ ಮೇಲೆ ಬೀಳುತ್ತಾನೆ ಎಂಬುದು ಅವನ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಗಾಯದ ಸಂಭವ ಎಂಬುದು ನಿಯಮದಲ್ಲಿಯೇ ಪ್ರತ್ಯೇಕ ಅಳತೆಗೋಲು. ಬೆನ್ನು ತಿರುಗಿಸಿದ್ದವನು, ಲೇಅಪ್‌ಗೆ ಪೂರ್ತಿ ಚಾಚಿಕೊಂಡಿದ್ದವನು, ಹಿಂದಿನಿಂದ ಬರುವವನನ್ನು ಕಾಣಲಾರದವನು: ಈ ಮೂವರ ಮೇಲಿನ ಪೆಟ್ಟನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿಯೇ ತೂಗಬೇಕು.

2022ರ ಮೇ 3ರಂದು ಮೆಂಫಿಸ್‌ನಲ್ಲಿ ನಡೆದ ಪ್ಲೇ-ಆಫ್ (ಸಾಮಾನ್ಯ ಋತು ಮುಗಿದ ಮೇಲಿನ ನಾಕೌಟ್ ಸರಣಿ) ಪಂದ್ಯ ಶುರುವಾಗಿ ಕೆಲವೇ ನಿಮಿಷಗಳಾಗಿದ್ದಾಗ, ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕಿರಿಯ ಗ್ಯಾರಿ ಪೇಟನ್ ಲೇಅಪ್‌ಗೆ ನೆಗೆದರು. ಮೆಂಫಿಸ್ ಗ್ರಿಜ್ಲೀಸ್‌ನ ಡಿಲನ್ ಬ್ರೂಕ್ಸ್ ಹಿಂದಿನಿಂದ ಬಂದು ಬೀಸಿದ ಕೈ ಅವರ ತಲೆಗೆ ಬಡಿಯಿತು. ಸಾವರಿಸಿಕೊಳ್ಳಲು ಅವಕಾಶವಿಲ್ಲದೆ ಬಿದ್ದ ಪೇಟನ್ ಅವರ ಎಡ ಮೊಣಕೈ ಮುರಿಯಿತು. ಫ್ಲೇಗ್ರಂಟ್ 2 ಜೊತೆಗೆ ಬ್ರೂಕ್ಸ್ ಅವರಿಗೆ ಮುಂದಿನ ಪಂದ್ಯದ ಅಮಾನತು ಸಿಕ್ಕಿತು. ಹಿಂದಿನಿಂದ, ಗಾಳಿಯಲ್ಲಿ, ತಲೆಗೆ ಎಂಬ ಮೂರೂ ಲಕ್ಷಣ ಒಟ್ಟಿಗೆ ಕಂಡರೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ.

### ಕೈಯಲ್ಲ, ಪಾದ ಅಪರಾಧ ಮಾಡುವ ಪ್ರಕರಣ

ಹೊರಗಿನಿಂದ ಶಾಟ್ ಹೊಡೆದವನು ಕೆಳಗಿಳಿಯಲು ಜಾಗ ಬೇಕು. ರಕ್ಷಣಾ ಆಟಗಾರ ತಡೆಯಲು ಓಡಿ ಬಂದು ಆ ಜಾಗದೊಳಕ್ಕೆ ಪಾದ ಇಟ್ಟರೆ, ಇಳಿದವನ ಕಣಕಾಲು ಆ ಪಾದದ ಮೇಲೆ ಮಡಚಿಕೊಳ್ಳುತ್ತದೆ. ಕೈಗಳನ್ನೇ ನೋಡುತ್ತಿರುವವರಿಗೆ ಈ ಫೌಲ್ ಕಾಣುವುದೇ ಇಲ್ಲ.

2017ರ ಮೇ 14ರಂದು ವಾರಿಯರ್ಸ್‌ನ ಜಾಜಾ ಪಚೂಲಿಯಾ ಅವರ ಪಾದದ ಮೇಲೆ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಕವಾಯ್ ಲೆನರ್ಡ್ ಇಳಿದದ್ದು ಹೀಗೆಯೇ. ಆಗ ಸ್ಪರ್ಸ್ 23 ಅಂಕ ಮುಂದಿತ್ತು. ಕಣಕಾಲು ತಿರುಚಿಕೊಂಡ ಲೆನರ್ಡ್ ಆಟ ಬಿಡಬೇಕಾಯಿತು, ವಾರಿಯರ್ಸ್ 113-111ರಿಂದ ಗೆದ್ದಿತು. ಅಂದು ಫ್ಲೇಗ್ರಂಟ್ ಕೊಡಲಿಲ್ಲ. ಮುಂದಿನ ಋತುವಿನಿಂದ ಇಂಥ ಹೊಣೆಗೇಡಿ ಧಾವಿಸುವಿಕೆಯನ್ನು ರೀಪ್ಲೇ ನೋಡಿ ಫ್ಲೇಗ್ರಂಟ್‌ಗೆ ಏರಿಸುವ ಅಧಿಕಾರ ರೆಫರಿಗಳಿಗೆ ಬಂತು. ಇಲ್ಲಿ ನೋಡಬೇಕಾದದ್ದು ಕೊನೆಯ ಒಂದು ಹೆಜ್ಜೆ: ನಿಲ್ಲಲು ಬೇಕಾದಷ್ಟೇ ಇತ್ತೇ, ಅಥವಾ ಶಾಟ್ ಹೊಡೆದವನ ಕೆಳಗೆ ಹೆಚ್ಚುವರಿಯಾಗಿ ಚಾಚಿಕೊಂಡಿತೇ? ಶಾಟ್ ಹೊಡೆದವನೇ ಕಾಲನ್ನು ಅಸಹಜವಾಗಿ ಮುಂದಕ್ಕೆ ಒದ್ದು ತಾಗಿಸಿಕೊಂಡಿದ್ದರೆ ಲೆಕ್ಕ ತಿರುಗಿಬೀಳುತ್ತದೆ.

## ಹಂತ 6: ಈಗ ಮಾತ್ರ ಗಾಯ ಮತ್ತು ಪರಿಣಾಮವನ್ನು ನೋಡಿ

ಗಾಯದ ತೀವ್ರತೆ ಹಾಗೂ ಫೌಲಿನಿಂದ ಜಗಳ ಹತ್ತಿಕೊಂಡಿತೇ ಎಂಬುದು, ಎರಡೂ ರೆಫರಿಗಳು ಪರಿಗಣಿಸುವ ಅಂಶಗಳೇ. ಆದರೆ ಇವುಗಳನ್ನು ಕೊನೆಗಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ರಕ್ತ ಕಂಡ ಕೂಡಲೇ ಹಿಂದಿನ ಐದು ಹಂತಗಳೂ ಮನಸ್ಸಿನಿಂದ ಅಳಿಸಿಹೋಗುತ್ತವೆ. ಸಾಮಾನ್ಯ ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವ) ಪೈಪೋಟಿಯಲ್ಲಿ ತುಟಿ ಒಡೆಯುತ್ತದೆ, ಅದು ಯಾರ ಅಪರಾಧವೂ ಆಗದಿರಬಹುದು.

ತಿರುವುಮುರುವಾಗಿಯೂ ಮೋಸಹೋಗಬಹುದು. ಮೇಲೆ ಹೇಳಿದ ಕರುಸೊ ಎದ್ದು ನಿಂತು ಆಟ ಮುಂದುವರಿಸಿದರು. ಮಣಿಕಟ್ಟಿನ ಮೂಳೆ ಮುರಿದಿತ್ತೆಂದು ನಂತರ ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಎದ್ದು ನಿಂತವನಿಗೆ ಏನೂ ಆಗಿಲ್ಲ ಎಂದು ಫೌಲನ್ನು ಹಗುರ ಮಾಡುವುದು, ಉರುಳಾಡಿದವನನ್ನು ನೋಡಿ ಭಾರ ಮಾಡುವಷ್ಟೇ ತಪ್ಪು.

ಪರಿಣಾಮದ ತೂಕ ತಿಳಿಯಲು 2021ರ ನವೆಂಬರ್ 21ರ ಡೆಟ್ರಾಯಿಟ್ ಪಂದ್ಯ ನೋಡಬಹುದು. ಫ್ರೀ ಥ್ರೋ ವೇಳೆ ಜಾಗಕ್ಕಾಗಿ ನೂಕಾಡುವಾಗ ಲೇಕರ್ಸ್‌ನ ಲೆಬ್ರಾನ್ ಜೇಮ್ಸ್ ಅವರ ಕೈ ಡೆಟ್ರಾಯಿಟ್‌ನ ಐಸೆಯಾ ಸ್ಟೂವರ್ಟ್ ಅವರ ಮುಖಕ್ಕೆ ಬಡಿದು ರಕ್ತ ಬಂತು, ಸ್ಟೂವರ್ಟ್ ಮತ್ತೆ ಮತ್ತೆ ಜೇಮ್ಸ್ ಕಡೆಗೆ ನುಗ್ಗಿದರು. ಜೇಮ್ಸ್ ಅವರಿಗೆ ಫ್ಲೇಗ್ರಂಟ್ 2, ಒಂದು ಪಂದ್ಯದ ಅಮಾನತು. ಸ್ಟೂವರ್ಟ್ ಅವರಿಗೆ ಎರಡು ಪಂದ್ಯ.

## ಹಂತ 7: ಎರಡು ಪ್ರಶ್ನೆ, ಒಂದು ತೀರ್ಪು

ತಾಗುವಿಕೆ ಅನಗತ್ಯವಾಗಿತ್ತೇ? ಇಲ್ಲ ಎಂದಾದರೆ ಸಾಮಾನ್ಯ ಫೌಲ್, ವಿಚಾರಣೆ ಮುಗಿಯಿತು. ಹೌದಾದರೆ, ಮಿತಿಮೀರಿತ್ತೇ? ಇಲ್ಲವಾದರೆ ಒಂದು, ಹೌದಾದರೆ ಎರಡು. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವವರು ಜೋರಾಗಿ ಬಿದ್ದ ಪ್ರತಿಯೊಂದು ಪೆಟ್ಟನ್ನೂ ಫ್ಲೇಗ್ರಂಟ್ ಎನ್ನುತ್ತಾರೆ. ಲೇಅಪ್‌ಗೆ ಬಂದವನನ್ನು ಎರಡೂ ಕೈ ನೇರ ಮೇಲೆತ್ತಿ ಎದೆಯಿಂದ ಎದುರಿಸಿದ್ದು ಎಷ್ಟು ಜೋರಾಗಿದ್ದರೂ ಆಟದ ಒಳಗಿನ ತಾಗುವಿಕೆಯೇ.

## ಸಾಮಾನ್ಯ ತಪ್ಪುಗಳು, ಎಚ್ಚರಿಕೆಯ ಸಂಕೇತಗಳು

ಹೆಸರು ನೋಡಿ ತೀರ್ಪು ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಎಂದ ಕೂಡಲೇ ಎರಡು ಎನ್ನುವವರಿದ್ದಾರೆ. 2023ರ ಡಿಸೆಂಬರ್ 12ರಂದು ಅವರು ಗಿರ್ರನೆ ತಿರುಗಿ ಎದುರಾಳಿ ಯೂಸುಫ್ ನುರ್ಕಿಚ್ ಅವರ ಮುಖಕ್ಕೆ ಕೈ ಬೀಸಿದ್ದು ಯಾರು ಮಾಡಿದ್ದರೂ ಫ್ಲೇಗ್ರಂಟ್ 2 ಆಗುತ್ತಿತ್ತು. ಹಳೆಯ ದಾಖಲೆ ಕೆಲಸ ಮಾಡಿದ್ದು ಆಮೇಲಿನ ಶಿಕ್ಷೆಯಲ್ಲಿ, ಅನಿರ್ದಿಷ್ಟ ಅಮಾನತು ಕೊನೆಗೆ 12 ಪಂದ್ಯಗಳಿಗೆ ನಿಂತಾಗ. ಫೌಲನ್ನು ಅಳೆಯುವುದು ಬೇರೆ, ಶಿಕ್ಷೆಯನ್ನು ಅಳೆಯುವುದು ಬೇರೆ.

ಅಂಕ ಮತ್ತು ಉಳಿದ ಸಮಯವನ್ನು ತೀರ್ಪಿಗೆ ಬೆರೆಸುವುದು ಇನ್ನೊಂದು ತಪ್ಪು. ಕೊನೆಯ ನಿಮಿಷವೆಂದು ಪೆಟ್ಟು ಹಗುರವಾಗುವುದಿಲ್ಲ.

ಯಾವುದೇ ತೀರ್ಪಿಗೆ ಮುನ್ನ ನಿಂತು ನೋಡಬೇಕಾದ ಸಂಕೇತಗಳೂ ಇವೆ. ಕುತ್ತಿಗೆ ಅಥವಾ ತಲೆಯ ಮಟ್ಟಕ್ಕೆ ಬಂದ ಮುಂಗೈ, ಗಾಳಿಯಲ್ಲಿರುವವನ ಸೊಂಟದ ಕೆಳಗೆ ತಾಗಿದ ಭುಜ, ತಾಗಿದ ಮೇಲೆ ಅಂಗಿಯನ್ನೋ ತೋಳನ್ನೋ ಹಿಡಿದು ಕೆಳಕ್ಕೆಳೆದದ್ದು, ಮತ್ತು ಸೀಟಿ ಊದಿದ ಬಳಿಕವೂ ನಿಲ್ಲದ ಚಲನೆ. ಇವುಗಳಲ್ಲಿ ಒಂದು ಕಂಡರೂ ಎರಡನೇ ಕೋನದ ದೃಶ್ಯ ನೋಡದೆ ಸಾಮಾನ್ಯ ಫೌಲ್ ಎನ್ನಬಾರದು.

## ಹಂತ 8: ಪಂದ್ಯ ಮುಗಿದ ಮೇಲೆ ಲೆಕ್ಕ ಇಡಿ

ಅಂಕಣದಲ್ಲಿ ಕೊಟ್ಟದ್ದು ಕೊನೆಯ ತೀರ್ಪಾಗಬೇಕೆಂದಿಲ್ಲ. ಲೀಗ್ ಕಚೇರಿ ಮತ್ತೆ ನೋಡಿ ಅದನ್ನು ಏರಿಸಬಹುದು, ಇಳಿಸಬಹುದು, ತೆಗೆದುಹಾಕಲೂಬಹುದು. ಫ್ಲೇಗ್ರಂಟ್ 1ಕ್ಕೆ ಒಂದು ಪಾಯಿಂಟ್, 2ಕ್ಕೆ ಎರಡು. ಸಾಮಾನ್ಯ ಋತುವಿನಲ್ಲಿ ಐದು ಪಾಯಿಂಟ್ ದಾಟಿದರೆ, ಪ್ಲೇ-ಆಫ್‌ನಲ್ಲಿ ಮೂರು ದಾಟಿದರೆ ಅಮಾನತು ತಾನಾಗಿಯೇ ಬರುತ್ತದೆ. ಪ್ಲೇ-ಆಫ್ ಲೆಕ್ಕ ಸೊನ್ನೆಯಿಂದ ಶುರು.

ಈ ಲೆಕ್ಕ ಇಡದವರಿಗೆ 2016ರ ಫೈನಲ್ಸ್ ಅರ್ಥವಾಗುವುದಿಲ್ಲ. ಗ್ರೀನ್ ಮೊದಲ ಸುತ್ತಿನಲ್ಲಿ ಮೈಕಲ್ ಬೀಸ್ಲಿ ಅವರನ್ನು ಕೆಡವಿ ಒಂದು ಪಾಯಿಂಟ್ ಪಡೆದಿದ್ದರು. ಸ್ಟೀವನ್ ಆಡಮ್ಸ್ ಅವರಿಗೆ ಒದ್ದದ್ದು ಪಂದ್ಯದಲ್ಲಿ ಫ್ಲೇಗ್ರಂಟ್ 1 ಆಗಿತ್ತು, ಲೀಗ್ ಅದನ್ನು 2ಕ್ಕೆ ಏರಿಸಿತು, ಒಟ್ಟು ಮೂರು. ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ, ಆಗ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದ ಲೆಬ್ರಾನ್ ಜೇಮ್ಸ್ ಅವರತ್ತ ಬೀಸಿದ ಕೈಗೆ ಆ ಹೊತ್ತಿನಲ್ಲಿ ಫ್ಲೇಗ್ರಂಟ್ ಬರಲಿಲ್ಲ, ನಂತರ ಲೀಗ್ ಒಂದನ್ನು ಸೇರಿಸಿತು. ನಾಲ್ಕಾಯಿತು, ಗ್ರೀನ್ ಐದನೇ ಪಂದ್ಯ ಆಡಲಿಲ್ಲ. 3-1ರಿಂದ ಮುಂದಿದ್ದ ವಾರಿಯರ್ಸ್ ಆ ಪಂದ್ಯವನ್ನೂ ಮುಂದಿನ ಎರಡನ್ನೂ ಕ್ಲೀವ್‌ಲ್ಯಾಂಡ್‌ಗೆ ಸೋತಿತು.

## ನಮ್ಮ ಅಂಕಣಗಳಲ್ಲಿ ಇದನ್ನು ಬಳಸುವಾಗ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೋ ಕಾಲೇಜು ಮೈದಾನದಲ್ಲೋ ನಡೆಯುವ ಪಂದ್ಯಕ್ಕೆ ಅನ್ವಯಿಸುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮ. ಅಲ್ಲಿ ಫ್ಲೇಗ್ರಂಟ್ ಒಂದು, ಎರಡು ಎಂಬ ವಿಭಾಗವಿಲ್ಲ. ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾಮನೋಭಾವಕ್ಕೆ ತಕ್ಕದಲ್ಲದ) ಫೌಲ್ ಮತ್ತು ಡಿಸ್‌ಕ್ವಾಲಿಫೈಯಿಂಗ್ (ಆಟದಿಂದ ಹೊರಹಾಕುವ) ಫೌಲ್ ಇವೆ. ಇವೆರಡನ್ನೂ ಫ್ಲೇಗ್ರಂಟ್ ಒಂದು, ಎರಡಕ್ಕೆ ಸಮ ಎಂದು ಇಟ್ಟುಕೊಳ್ಳಬೇಡಿ. ಎನ್‌ಬಿಎಯಲ್ಲಿ ಬೇರೆಯಾಗಿರುವ ಕ್ಲಿಯರ್ ಪಾತ್ ಬಗೆಯದೂ, ಮರುದಾಳಿ ನಿಲ್ಲಿಸುವ ಅನಗತ್ಯ ಹಿಡಿತವೂ ಇಲ್ಲಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಒಳಗೇ ಬರುತ್ತವೆ. ಆದ್ದರಿಂದ ಹಂತ 1ರಲ್ಲಿ ಪಕ್ಕಕ್ಕಿಟ್ಟದ್ದನ್ನು ಇಲ್ಲಿ ಮತ್ತೆ ಒಳಗೆ ತಂದುಕೊಳ್ಳಬೇಕು.

ರೀಪ್ಲೇ ಇಲ್ಲದ ಪಂದ್ಯದಲ್ಲಿ ಸೀಟಿ ಹಿಡಿದವರು ಹಂತ 3 ಮತ್ತು 5ನ್ನು ಒಂದೇ ನೋಟದಲ್ಲಿ ಮುಗಿಸಬೇಕಾಗುತ್ತದೆ. ಅದಕ್ಕೆ ಮರುದಾಳಿ ಶುರುವಾದ ಕೂಡಲೇ ಚೆಂಡಿಗಿಂತ ಮೊದಲು ಓಡಿ, ಇಬ್ಬರು ಆಟಗಾರರ ನಡುವಿನ ಅಂತರ ಕಾಣುವಂತೆ ಬದಿಯಿಂದ ನಿಲ್ಲಬೇಕು. ಹಿಂದಿನಿಂದ ಓಡಿಬರುವ ರೆಫರಿಗೆ ಬೆನ್ನುಗಳಷ್ಟೇ ಕಾಣುತ್ತವೆ. ಸೀಟಿ ಊದಿ, ಮುಷ್ಟಿ ಎತ್ತಿ, ಮೊದಲು ಆಟಗಾರರ ನಡುವೆ ನಿಂತು, ಸಹ ರೆಫರಿಯ ಮಾತು ಕೇಳಿದ ಮೇಲೆಯೇ ತಲೆಯ ಮೇಲೆ ಮಣಿಕಟ್ಟು ಹಿಡಿದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಸಂಜ್ಞೆ ತೋರಿಸಬೇಕು. ಸ್ಕೋರ್‌ಶೀಟಿನಲ್ಲಿ ಆ ಆಟಗಾರನ ಎದುರು ‘ಯು’ ಅಕ್ಷರ ಬಿತ್ತೇ ಎಂದು ಮೇಜಿನ ಬಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅದೇ ಪಂದ್ಯದಲ್ಲಿ ಎರಡನೆಯ ‘ಯು’ ಬಿದ್ದರೆ, ಅಥವಾ ಒಂದು ‘ಯು’ ಜೊತೆಗೆ ಒಂದು ಟೆಕ್ನಿಕಲ್ ಸೇರಿದರೆ, ಅವನು ಆಟದಿಂದ ಹೊರಗೆ ಹೋಗಬೇಕು.